ನೀರು ಕುದಿಯುತ್ತೆ ಸ್ವಾಮಿ, ಗುಳ್ಳೆ ಮೇಲೇರಲ್ಲ ಅಷ್ಟೇ!

"ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ, ಆದ್ದರಿಂದ ಅಲ್ಲಿ ನೀರು ಕುದಿಯುವುದಿಲ್ಲ." ರಾಕೆಟ್ ಹಾರಿದಾಗಲೆಲ್ಲ ನಮ್ಮ ಟೀವಿಯಲ್ಲಿ, ಫಾರ್ವರ್ಡ್ ಮೆಸೇಜುಗಳಲ್ಲಿ ಈ ಮಾತು ಬರುತ್ತದೆ. ಒಂದೇ ವಾಕ್ಯ, ಎರಡು ಸುಳ್ಳು!

ಮೊದಲನೆಯದು. ಅಂತರಿಕ್ಷ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ಇಲ್ಲಿನದರ ಸುಮಾರು ಶೇ. 89ರಷ್ಟು ಇದ್ದೇ ಇದೆ. ಇಲ್ಲದಿದ್ದರೆ ಅದು ಭೂಮಿಯನ್ನು ಸುತ್ತುವುದಾದರೂ ಹೇಗೆ? ನಿಲ್ದಾಣ, ಒಳಗಿನ ಜನ, ನೀರು ಎಲ್ಲವೂ ಒಟ್ಟಿಗೇ ಬೀಳುತ್ತಾ ಸುತ್ತುತ್ತಿರುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೇ.

ಎರಡನೆಯದು. ನೀರು ಎಷ್ಟು ಬಿಸಿಗೆ ಕುದಿಯಬೇಕು ಅನ್ನುವುದನ್ನು ನಿರ್ಧರಿಸುವುದು ಒತ್ತಡ, ತೂಕವಲ್ಲ. ಕುಕ್ಕರ್ ಇಟ್ಟವರಿಗೆಲ್ಲ ಇದು ಗೊತ್ತು. ನಿಲ್ದಾಣದೊಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಷ್ಟೇ ಇರುವುದರಿಂದ ಅಲ್ಲಿ ಕುದಿಬಿಂದು 100 ಡಿಗ್ರಿ. ನಮ್ಮ ಬೆಂಗಳೂರಿನಲ್ಲಿ ಸುಮಾರು 97!

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಒಲೆ ಮೇಲಿಟ್ಟ ಎಸರು ನೋಡಿ. ತಳದ ನೀರು ಕಾದು ಹಗುರಾಗಿ ಮೇಲೇಳುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಆಮೇಲೆ ಆವಿಯ ಗುಳ್ಳೆಗಳು ತಳ ಬಿಟ್ಟು ಮೇಲಕ್ಕೆ ಓಡುತ್ತವೆ. ಆ "ಹಗುರ"ಕ್ಕೆ ಅರ್ಥ ಬರುವುದೇ ತೂಕ ಇದ್ದಾಗ. ತೂಕವಿಲ್ಲದ ಕಡೆ ಗುಳ್ಳೆಗೆ ಮೇಲೆ-ಕೆಳಗೆ ಅನ್ನುವುದೇ ಇಲ್ಲ. ಹುಟ್ಟಿದಲ್ಲೇ ಕೂತು ಊದುತ್ತದೆ, ಪಕ್ಕದ ಗುಳ್ಳೆಗಳ ಜೊತೆ ಸೇರಿ ದೊಡ್ಡದೊಂದು ಗುಳ್ಳೆಯಾಗುತ್ತದೆ. 1992ರಲ್ಲಿ ಸ್ಪೇಸ್ ಶಟಲ್‌ನಲ್ಲಿ ಫ್ರಿಯಾನ್ ಜಾತಿಯ ದ್ರವ ಕುದಿಸಿದಾಗ ಕಂಡದ್ದು ಇದೇ.

ಇದು ಬರೀ ತಮಾಷೆಯಲ್ಲ. ಆವಿ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಆವಿಯ ಹೊದಿಕೆ ಬಿದ್ದರೆ ಹೀಟರ್ ತನ್ನ ಬಿಸಿಯಲ್ಲಿ ತಾನೇ ಸುಟ್ಟುಹೋಗಬಹುದು. ದ್ರವ ಕುದಿಸಿ ಕಂಪ್ಯೂಟರು, ಯಂತ್ರಗಳ ಶಾಖ ತೆಗೆಯಬೇಕೆಂದರೆ ಗುಳ್ಳೆಯನ್ನು ಯಾರಾದರೂ ತಳ್ಳಬೇಕು. ಪಂಪಿನಿಂದ ದ್ರವ ಹರಿಸುತ್ತಾ ಕುದಿಸುವ ಪ್ರಯೋಗದ ಉಪಕರಣವನ್ನು 2021ರಲ್ಲಿ ನಿಲ್ದಾಣಕ್ಕೆ ಕಳಿಸಿದ್ದು ಅದಕ್ಕೇ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿ "ಉಷ್ಣ ಸಂವಹನ" ಅಂತ ಪಾತ್ರೆಯ ಚಿತ್ರ ಬರೆಸಿ, ಎರಡು ಬಾಣ ಹಾಕಿಸಿ, ಐದು ಮಾರ್ಕ್ಸ್ ಕೊಟ್ಟರು. ಇಂಜಿನಿಯರಿಂಗ್‌ನಲ್ಲಿ ಅದೇ ಬಾಣಕ್ಕೆ ಸಮೀಕರಣ ಸೇರಿಸಿ ಡಿಕ್ಟೇಟ್ ಮಾಡಿದರು. ಬಾಣ ಮೇಲಕ್ಕೇ ಯಾಕೆ ಅಂತ ಒಬ್ಬ ಮೇಷ್ಟರೂ ಕೇಳಲಿಲ್ಲ. ಬಾಣ ಬಾಯಿಪಾಠ ಮಾಡಿದವನಿಗೆ ಪಾತ್ರೆಯನ್ನು ಬಾಹ್ಯಾಕಾಶದಲ್ಲಿಟ್ಟರೆ ಏನು ಹೇಳಬೇಕೋ ತೋಚುವುದಿಲ್ಲ. ಆಗ "ಗುರುತ್ವ ಇಲ್ಲ, ಕುದಿಯಲ್ಲ" ಅಂತ ಯಾರೋ ಅಂದದ್ದನ್ನೇ ನಂಬುತ್ತಾನೆ.

"ಕನ್ನಡ ಓದುಗರಿಗೆ ಇಷ್ಟು ಸಾಕು ಬಿಡ್ರೀ, ಜಾಸ್ತಿ ಹೇಳಿದರೆ ತಲೆಗೆ ಹತ್ತಲ್ಲ" ಅನ್ನುವವರಿದ್ದಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಎಸರು, ಗುಳ್ಳೆ, ಆವಿ, ಒತ್ತಡ... ಇದರಲ್ಲಿ ಯಾವ ಪದ ತಲೆಗೆ ಹತ್ತುವುದಿಲ್ಲ? ತಪ್ಪಾಗಿ ಹೇಳುವುದಕ್ಕೂ ಅಷ್ಟೇ ಪದ ಬೇಕು, ಸರಿಯಾಗಿ ಹೇಳುವುದಕ್ಕೂ ಅಷ್ಟೇ. ಕಷ್ಟ ಕನ್ನಡದ್ದಲ್ಲ, ಬರೆಯುವವರ ಸೋಮಾರಿತನದ್ದು.

ಏನಂತೀರಾ? ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಇವತ್ತೇ ಕೇಳಿ ನೋಡಿ: ಗುಳ್ಳೆ ಮೇಲಕ್ಕೇ ಯಾಕೆ ಹೋಗುತ್ತೆ?