ಶಾಲು ಸಾಕು, ಹೆಸರು ಕೊಡಿ

ಸನ್ಮಾನಗಳಿಗೆ ನಮ್ಮಲ್ಲಿ ಬರವೇನೂ ಇಲ್ಲ. ಸಂಘದ ವಾರ್ಷಿಕೋತ್ಸವವಿರಲಿ, ಕಂಪೆನಿಯ ಸಂಸ್ಥಾಪನಾ ದಿನವಿರಲಿ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ ಸಿದ್ಧವಾಗಿಯೇ ಇರುತ್ತವೆ. ಇಪ್ಪತ್ತೈದು ವರ್ಷ ಒಂದೇ ಕಡೆ ದುಡಿದವನಿಗೆ ಕೈಗಡಿಯಾರ. ನಿವೃತ್ತನಾಗುವವನಿಗೆ ಹಾರ ಮತ್ತು ಒಂದು ಗುಂಪು ಭಾವಚಿತ್ರ. ಇವು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇವೆಲ್ಲ ಸವೆಸಿದ ವರ್ಷಗಳಿಗೆ ಸಲ್ಲುವ ಮರ್ಯಾದೆ. ಓಡಿಸಿದ ಬುದ್ಧಿಗೆ ಸಲ್ಲಬೇಕಾದ ಮರ್ಯಾದೆ ಬೇರೆಯೇ ಇದೆ. ಅದು ನಮ್ಮ ಕಾರ್ಖಾನೆ, ಕಚೇರಿ, ಹೊಟೇಲುಗಳಲ್ಲಿ ಸರಿಯಾಗಿ ಸಲ್ಲುತ್ತಿಲ್ಲ. ಆದುದರಿಂದಲೇ ಅಲ್ಲಿ ಹುಟ್ಟಬೇಕಾದ ಹೊಸತು ಹುಟ್ಟುತ್ತಿಲ್ಲ ಎಂಬುದು ನಮ್ಮ ವಾದ.

ಮುಲುಂಡಿನಲ್ಲಿ ನೆಲೆಸಿದ ನಮಗೆ ಈ ಮಾತು ದೂರದ್ದಲ್ಲ. ಹಳಬರು ಇನ್ನೂ ಆಗ್ರಾ ರೋಡ್ ಎಂದೇ ಕರೆಯುವ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಉದ್ದಕ್ಕೂ, ಭಾಂಡುಪದಿಂದ ಚೆಕ್‌ನಾಕಾ ದಾಟಿ ಥಾಣೆಯ ವಾಗ್ಳೆ ಎಸ್ಟೇಟಿನ ತನಕ, ಒಂದು ಕಾಲಕ್ಕೆ ಸಾಲುಸಾಲು ಕಾರ್ಖಾನೆಗಳಿದ್ದವು. ಊರು ಬಿಟ್ಟು ಬಂದ ನಮ್ಮ ತಂದೆ, ಅಣ್ಣ, ಮಾವಂದಿರು ಅಲ್ಲಿ ಮೂರು ಪಾಳಿಗಳಲ್ಲಿ ದುಡಿದರು. ಈಗ ಆ ಜಾಗಗಳಲ್ಲಿ ಎಷ್ಟೋ ಕಡೆ ಬಾನೆತ್ತರದ ವಸತಿ ಕಟ್ಟಡಗಳು ಎದ್ದಿವೆ. ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಕೆಲಸ ಬದಲಾಗಿದೆ, ಪದ್ಧತಿ ಬದಲಾಗಿಲ್ಲ. ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವವನಿಗೆ ಅದರ ಸದ್ದಿನಲ್ಲೇ ರೋಗ ತಿಳಿಯುತ್ತದೆ. ಒಂದು ತುಂಡು ತಗಡು ಹೇಗೆ ಇಟ್ಟರೆ ಮಾಲು ಕೆಡುವುದು ನಿಲ್ಲುತ್ತದೆಂದು ಅವನು ಬಲ್ಲ. ಆದರೆ ಹೇಳಿದರೆ ಏನಾಗುತ್ತದೆಂಬುದನ್ನೂ ಅವನು ಬಲ್ಲ. ಉಪಾಯ ಮೇಸ್ತ್ರಿಯದಾಗುತ್ತದೆ, ಮೇಸ್ತ್ರಿಯಿಂದ ಮ್ಯಾನೇಜರರದಾಗುತ್ತದೆ, ವರ್ಷದ ಕೊನೆಯಲ್ಲಿ ಬಡ್ತಿಯ ಪತ್ರ ಬೇರೆ ಯಾರದೋ ಕೈಯಲ್ಲಿರುತ್ತದೆ. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಒಮ್ಮೆ ಹೀಗಾದ ಮೇಲೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಇದು ಸೋಮಾರಿತನವಲ್ಲ, ಅನುಭವ ಕಲಿಸಿದ ಜಾಣತನ.

ಹೆಸರು ಕೊಡುವ ಪದ್ಧತಿ ಇದ್ದಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಉದಾಹರಣೆಯೂ ನಮ್ಮ ಮುಲುಂಡಿನಲ್ಲೇ ಇದೆ. ಜರ್ಮನಿಯ ಹೆಕ್ಸ್ಟ್ ಕಂಪೆನಿಯ ಸಂಶೋಧನಾ ಕೇಂದ್ರ ಇಲ್ಲಿತ್ತು; 1998ರಲ್ಲಿ ಅದು ನಿಕೊಲಾಸ್ ಪಿರಾಮಲ್ ಸಂಸ್ಥೆಯ ಕೈಸೇರಿತು. ಆ ಕೇಂದ್ರದವರು ನಮ್ಮ ದೇಶದ ಔಷಧಿ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಮಾಕಂದಿ ಬೇರಿನಲ್ಲಿ, ಅಂದರೆ ಗುಜರಾತಿಗಳು ಉಪ್ಪಿನಕಾಯಿ ಹಾಕುವ ಕೋಲಿಯಸ್ ಜಾತಿಯ ಗಿಡದ ಬೇರಿನಲ್ಲಿ, ರಕ್ತದೊತ್ತಡ ಇಳಿಸುವ ಮತ್ತು ಹೃದಯದ ಬಡಿತಕ್ಕೆ ಬಲ ಕೊಡುವ ಒಂದು ವಸ್ತುವನ್ನು ಕಂಡುಹಿಡಿದರು. ಅದೇ ಫೋರ್ಸ್ಕೋಲಿನ್. 1977ರಲ್ಲಿ ಅದರ ರಚನೆಯನ್ನು ಲೋಕಕ್ಕೆ ತಿಳಿಸಿದ ಪ್ರಬಂಧದಲ್ಲಿ ಸುಜಾತಾ ಭಟ್, ನೋಯೆಲ್ ಡಿ’ಸೋಜಾ ಮುಂತಾದ ಐವರ ಹೆಸರುಗಳು ಅಚ್ಚಾದವು. 1981ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ವಸ್ತು ಜೀವಕೋಶದೊಳಗಿನ ಒಂದು ಮುಖ್ಯ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತದೆಂದು ತೋರಿಸಿದ ಮೇಲೆ ಜಗತ್ತಿನ ಪ್ರಯೋಗಶಾಲೆಗಳೆಲ್ಲ ಅದನ್ನು ಬಳಸತೊಡಗಿದವು. ಕಂಪೆನಿ ಕೈ ಬದಲಾಯಿಸಿತು. ಆ ಐದು ಹೆಸರುಗಳು ಮಾತ್ರ ಅಳಿಸಲಿಲ್ಲ.

ಇದು ಯಾವ ಕಂಪೆನಿಯ ಔದಾರ್ಯದಿಂದಲೂ ಆದುದಲ್ಲ. ಕಂಡುಹಿಡಿದವನ ಹೆಸರು ಪ್ರಬಂಧದ ತಲೆಯ ಮೇಲೆ ಇರಲೇಬೇಕೆಂಬುದು ವಿಜ್ಞಾನಿಗಳ ಕಟ್ಟುಪಾಡು. ಆ ಹೆಸರಿನ ಆಸೆಗಾಗಿ ಮುಂದಿನವನು ಇನ್ನೊಂದು ಬೇರನ್ನು ಅಗೆಯುತ್ತಾನೆ. ಸಂಶೋಧಕನಿಗೆ ಸಲ್ಲುವ ಈ ನ್ಯಾಯ ಗೋಡೆಯ ಆಚೆಗಿನ ಫಿಟ್ಟರನಿಗೆ, ಪ್ಯಾಕಿಂಗ್ ವಿಭಾಗದ ಹೆಂಗಸಿಗೆ, ಲೆಕ್ಕದ ಗುಮಾಸ್ತನಿಗೆ ಏಕೆ ಸಲ್ಲಬಾರದು? ಅವರ ಬುದ್ಧಿ ಬುದ್ಧಿಯಲ್ಲವೆ?

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅರ್ಧ ಮಾತ್ರ. ನಮ್ಮ 1970ರ ಪೇಟೆಂಟ್ ಕಾಯಿದೆಯ 28ನೆಯ ಕಲಮಿನಂತೆ ಪೇಟೆಂಟಿನಲ್ಲಿ ಶೋಧಕನ ಹೆಸರನ್ನು ಕಾಣಿಸಬಹುದು. ಆದರೆ ಹಾಗೆ ಹೆಸರು ಬಂದ ಮಾತ್ರಕ್ಕೆ ಪೇಟೆಂಟಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ನೌಕರನ ಶೋಧದಿಂದ ಬಂದ ಲಾಭದಲ್ಲಿ ಅವನಿಗೊಂದು ಪಾಲು ಕೊಡಬೇಕೆಂದು ಆ ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ಜರ್ಮನಿಯಾದರೋ 1957ರಲ್ಲೇ ನೌಕರರ ಶೋಧಗಳಿಗಾಗಿಯೇ ಪ್ರತ್ಯೇಕ ಕಾಯಿದೆ ಮಾಡಿ, ಮಾಲಕನು ಶೋಧವನ್ನು ತೆಗೆದುಕೊಂಡರೆ ನ್ಯಾಯವಾದ ಸಂಭಾವನೆ ಕೊಡಬೇಕೆಂದು ವಿಧಿಸಿತು. ಜಪಾನಿನ ಕತೆಯಂತೂ ಎಲ್ಲರಿಗೂ ಪಾಠ. ನಿಚಿಯಾ ಎಂಬ ಕಂಪೆನಿಯ ನೌಕರರಾಗಿದ್ದ ಶೂಜಿ ನಾಕಾಮುರಾ ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧ್ಯಗೊಳಿಸಿದವರಲ್ಲಿ ಒಬ್ಬರು. ಇಂದು ನಮ್ಮ ಮನೆಮನೆಯ ಬಿಳಿ ದೀಪ ಅದರ ಫಲ. ಕಂಪೆನಿ ಅವರಿಗೆ ಕೊಟ್ಟ ಬಹುಮಾನ 20,000 ಯೆನ್! ಬೇಸತ್ತು ಅವರು ಅಮೆರಿಕಕ್ಕೆ ಹೋದರು, ಬಳಿಕ ದಾವೆ ನಡೆಯಿತು. 2004ರಲ್ಲಿ ಟೋಕಿಯೋ ನ್ಯಾಯಾಲಯ 2,000 ಕೋಟಿ ಯೆನ್ ಕೊಡಬೇಕೆಂದಿತು. 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಮೊದಲೇ ಗೌರವದಿಂದ ಕೊಡಬಹುದಾಗಿದ್ದುದನ್ನು ಕಂಪೆನಿ ಕೋರ್ಟಿನ ಕಟ್ಟೆಯ ಮೇಲೆ ಕೊಟ್ಟಿತು, ಜೊತೆಗೆ ಮನುಷ್ಯನನ್ನೂ ಕಳೆದುಕೊಂಡಿತು.

ನಮ್ಮ ಸರಕಾರಕ್ಕೆ ಈ ವಿವೇಕ ಹೊಳೆದೇ ಇರಲಿಲ್ಲವೆಂದಲ್ಲ. 1965ರಲ್ಲೇ ಶ್ರಮವೀರ ಪ್ರಶಸ್ತಿಗಳು ಆರಂಭವಾದವು. ಮುಂದೆ ಅವಕ್ಕೆ ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರವೆಂದು ಹೆಸರಾಯಿತು. ಉತ್ಪಾದನೆ, ಗುಣಮಟ್ಟ, ಸುರಕ್ಷತೆ ಹೆಚ್ಚಿಸುವ ಸಲಹೆ ಕೊಟ್ಟ ಕಾರ್ಮಿಕನಿಗಾಗಿಯೇ ಇಟ್ಟ ಪ್ರಶಸ್ತಿ ಅದು. ಅದರ ಕೆಲಸ ನೋಡಿಕೊಂಡು ಬಂದ ಕಚೇರಿ ಇರುವುದು ನಮ್ಮ ಸಾಯನ್‌ನಲ್ಲಿ, ಮುಲುಂಡಿನಿಂದ ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆಯ ದಾರಿ. ನಮ್ಮ ಓದುಗರಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದಾರೆ? ಕಾರ್ಖಾನೆಯ ಬಾಗಿಲಲ್ಲಿ ತೂಗುವ ಸಲಹಾ ಪೆಟ್ಟಿಗೆಯ ಗತಿಯೂ ಅಷ್ಟೆ. ಬೀಗದ ಕೈ ಯಾರಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಚೀಟಿ ಹಾಕಿದವನಿಗೆ ಆಗುವುದಿಲ್ಲ ಎಂಬ ಉತ್ತರವಾದರೂ ಬಂದರೆ ಅವನು ಇನ್ನೊಮ್ಮೆ ಬರೆಯುತ್ತಾನೆ. ಉತ್ತರವೇ ಬಾರದಿದ್ದರೆ ಪೆಟ್ಟಿಗೆ ಕಸದ ಡಬ್ಬಿಯಾಗುತ್ತದೆ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ, ಅದನ್ನು ಮುಚ್ಚಿಡಬಾರದು. ನಾಲ್ವರ ಕೆಲಸವನ್ನು ಮೂವರು ಮಾಡುವ ಉಪಾಯ ಹೇಳಿದರೆ ನಾಲ್ಕನೆಯವನ ಗತಿಯೇನು? 1982ರ ಗಿರಣಿ ಮುಷ್ಕರದ ನಂತರ ಮನೆಗಳ ಒಲೆ ಆರಿದ್ದನ್ನು ಕಂಡ ಈ ನಗರದ ಕಾರ್ಮಿಕನಿಗೆ ಆ ಭಯ ಸಹಜ. ತನ್ನ ಬುದ್ಧಿಯಿಂದ ತನ್ನ ಜೊತೆಗಾರನ ಅನ್ನ ಹೋಗುವುದಾದರೆ ಆ ಬುದ್ಧಿಗೆ ಸಿಗುವ ಚಿನ್ನದ ಪದಕವೂ ಬೇಡವೆನ್ನುತ್ತಾನೆ. ಅದು ಅವನ ದೊಡ್ಡತನ. ಟೊಯೋಟಾ ಕಂಪೆನಿಯಲ್ಲಿ 1950ರಲ್ಲಿ ಕೆಲಸದಿಂದ ತೆಗೆಯುವ ವಿಷಯದಲ್ಲೇ ಭಾರೀ ಮುಷ್ಕರವಾಗಿ ಅಧ್ಯಕ್ಷರೇ ರಾಜೀನಾಮೆ ಕೊಡಬೇಕಾಯಿತು. ಮರುವರ್ಷ, 1951ರಲ್ಲಿ, ಅಲ್ಲಿ ನೌಕರರ ಸಲಹಾ ಯೋಜನೆ ಆರಂಭವಾಯಿತು. ಕೆಲಸ ಹೋಗದು ಎಂಬ ನಂಬಿಕೆ ಬೆಳೆದಂತೆ ಸಲಹೆಗಳೂ ಬೆಳೆದವು. ನಮ್ಮ ಬಿಡದಿಯಲ್ಲಿ ಕಾರು ತಯಾರಿಸುವ ಆ ಕಂಪೆನಿಯ ಹೆಸರು ಹೇಳಿ ಭಾಷಣ ಮಾಡುವ ಮ್ಯಾನೇಜರರು ಸಲಹಾ ಪೆಟ್ಟಿಗೆಯನ್ನು ಮಾತ್ರ ನಕಲು ಮಾಡುತ್ತಾರೆ, ಆ ನಂಬಿಕೆಯನ್ನು ಮಾಡುವುದಿಲ್ಲ.

‘ಸಂಬಳ ಕೊಡುತ್ತೇವಲ್ಲ, ಮತ್ತೇನು ಬೇಕು?’ ಎಂಬುದು ಮಾಲಕರ ಹಳೆಯ ಪ್ರಶ್ನೆ. ಸಂಬಳ ಹೇಳಿದ ಕೆಲಸಕ್ಕೆ. ಹೇಳದೆ ತೋರಿದ ಬುದ್ಧಿ ಸಂಬಳದ ಲೆಕ್ಕದಲ್ಲಿ ಬರುವುದಿಲ್ಲ. ಬಹುಮಾನ ಕೊಟ್ಟರೆ ಹೊಟ್ಟೆಕಿಚ್ಚು ಬೆಳೆಯುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಹೊಟ್ಟೆಕಿಚ್ಚು ಬೆಳೆಯುವುದು ಸಾಹೇಬರ ಸುತ್ತ ಸುಳಿಯುವವನಿಗೆ ‘ತಿಂಗಳ ಶ್ರೇಷ್ಠ ನೌಕರ’ನ ಪಟ ಸಿಕ್ಕಿದಾಗ. ಏನು ಮಾಡಿದ, ಅದರಿಂದ ಏನು ಉಳಿಯಿತು ಎಂದು ಎಲ್ಲರೆದುರು ಬರೆದು ಹಾಕಿದರೆ ಗೊಣಗಲು ಜಾಗವೇ ಇರುವುದಿಲ್ಲ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟರೆ ನ್ಯಾಯವಾಗದು. ಈ ನಗರದಲ್ಲಿ ಕನ್ನಡಿಗರು ನೌಕರರಷ್ಟೇ ಅಲ್ಲ, ಧಣಿಗಳೂ ಹೌದು. ಮುಂಬಯಿಯ ಮೈಸೂರು ಮಸಾಲೆ ದೋಸೆ ಮೈಸೂರಿನದಲ್ಲ. ಕಾವಲಿಯ ಮೇಲೆಯೇ ಬೆಣ್ಣೆ, ತರಕಾರಿ, ಕೆಂಪು ಚಟ್ನಿ ಹಿಸುಕಿ ಮಾಡುವ ಆ ರುಚಿ ಇಲ್ಲಿಯ ಹೊಟೇಲುಗಳದ್ದು. ಪಾವ್‌ಭಾಜಿ ದೋಸೆ, ಶೆಜ್ವಾನ್ ದೋಸೆಗಳೂ ಹಾಗೆಯೇ. ಯಾವುದೋ ಬಿಸಿ ಅಡಿಗೆಮನೆಯಲ್ಲಿ, ಯಾವುದೋ ಭಟ್ಟರಿಗೆ, ಯಾವುದೋ ದಿನ ಅದು ಹೊಳೆದಿರಬೇಕು. ಅವರ ಹೆಸರನ್ನು ಬರೆದಿಟ್ಟ ಒಂದು ದಫ್ತರವನ್ನೂ ನಾವು ಕಂಡಿಲ್ಲ. ಬೋರ್ಡಿನ ಮೇಲೆ ದೇವರ ಹೆಸರಿದೆ, ಗಲ್ಲೆಯ ಹಿಂದೆ ಧಣಿಗಳ ತೀರ್ಥರೂಪರ ಪಟವಿದೆ. ರುಚಿಯನ್ನು ಹುಟ್ಟಿಸಿದವರು ಎಲ್ಲಿ ಹೋದರು? ಒಳ್ಳೆಯ ಭಟ್ಟರು ಸಿಗುವುದಿಲ್ಲವೆಂದು ಇಂದು ಕೊರಗುವವರು ಈ ಪ್ರಶ್ನೆಯನ್ನು ತಮಗೇ ಹಾಕಿಕೊಳ್ಳಲಿ.

ನಮ್ಮ ಬೇಡಿಕೆ ದುಬಾರಿಯದಲ್ಲ. ಪ್ರತಿ ಕೆಲಸದ ಜಾಗದಲ್ಲಿ ಒಂದು ದಫ್ತರವಿರಲಿ; ಸಲಹೆ ಕೊಟ್ಟವರ ಹೆಸರು, ತಾರೀಕು ಅದರಲ್ಲಿ ಅವರ ಕಣ್ಣೆದುರೇ ದಾಖಲಾಗಲಿ. ಒಂದು ತಿಂಗಳೊಳಗೆ ಹೌದೋ ಅಲ್ಲವೋ, ಕಾರಣ ಸಹಿತ ಉತ್ತರ ಬರಲಿ. ಉಳಿತಾಯವಾದರೆ ಮೊದಲ ವರ್ಷದ ಉಳಿತಾಯದಲ್ಲಿ ಗೊತ್ತಾದ ಒಂದು ಪಾಲು ಅವರಿಗೆ ಸಲ್ಲಲಿ. ಆ ಸಲಹೆಯಿಂದ ಯಾರ ಕೆಲಸವೂ ಹೋಗದೆಂದು ಬರವಣಿಗೆಯಲ್ಲಿ ಮಾತು ಕೊಡಲಿ. ಪ್ರಯತ್ನ ಕೈಗೂಡದಿದ್ದರೆ ಶಿಕ್ಷೆ ಬೇಡ.

ಇನ್ನು ನಮ್ಮ ಸಂಘಗಳು. ಪದವಿ ನೋಡಿ, ಅಂಕ ನೋಡಿ, ದೇಣಿಗೆ ನೋಡಿ ಸನ್ಮಾನಿಸುವ ನಾವು ಈ ವರ್ಷದಿಂದ ಇನ್ನೊಂದನ್ನೂ ನೋಡೋಣ. ತನ್ನ ಕೆಲಸದಲ್ಲಿ ಹೊಸದೊಂದು ದಾರಿ ಮಾಡಿದ ಒಬ್ಬ ಟರ್ನರನನ್ನು, ಒಬ್ಬ ನರ್ಸಮ್ಮನನ್ನು, ಒಬ್ಬ ಭಟ್ಟರನ್ನು ವೇದಿಕೆಗೆ ಕರೆಯೋಣ. ಹೊಗಳಿಕೆಯ ಭಾಷಣ ಬೇಡ. ಅವರು ಏನು ಮಾಡಿದರೆಂದು ಅವರೇ ಹತ್ತು ನಿಮಿಷ ಹೇಳಲಿ. ನಮ್ಮ ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಅವರು ಹೇಳಿದ್ದು ಹೆಸರು ಸಹಿತ ಈ ಪತ್ರಿಕೆಯಲ್ಲಿ ಅಚ್ಚಾಗಲಿ. ಬಂಧುಗಳು ಅಂಥವರ ಹೆಸರನ್ನು ನಮಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.