ನಕ್ಷೆಗೆ ಮೊದಲು ಮಣ್ಣನ್ನು ಕೇಳಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಮನೆಯ ನಕ್ಷೆ ಹಿಡಿದು ಬಂದಿದ್ದ. ಸಿರುಗುಪ್ಪದ ಹೊರವಲಯದಲ್ಲಿ, ಕೆಲವು ವರ್ಷಗಳ ಹಿಂದಿನವರೆಗೂ ಭತ್ತ ಬೆಳೆಯುತ್ತಿದ್ದ ಗದ್ದೆಯಲ್ಲಿ, ನಿವೇಶನ ಕೊಂಡಿದ್ದಾನೆ. ಹೆಬ್ಬಾಗಿಲು ಯಾವ ದಿಕ್ಕಿಗೆ, ದೇವರ ಕೋಣೆ ಯಾವ ಮೂಲೆಗೆ, ನೆಲಕ್ಕೆ ಗ್ರಾನೈಟೋ ಟೈಲ್ಸೋ, ಎಲ್ಲವೂ ನಿಶ್ಚಯವಾಗಿತ್ತು. "ಬುನಾದಿ ಯಾವುದಪ್ಪಾ?" ಎಂದು ಕೇಳಿದೆ. "ಕಾಲಂ ಹಾಕಿಸ್ತೀವಿ ಸರ್. ಬಳ್ಳಾರಿಯಲ್ಲಿ ನಮ್ಮ ಮಾವನವರ ಮನೆಗೂ ನಾಲ್ಕಡಿ ತೆಗೆದು ಹಾಕಿಸಿದ್ದು. ಹದಿನೈದು ವರ್ಷ ಆಯ್ತು, ಒಂದು ಗೆರೆ ಬಿರುಕಿಲ್ಲ" ಎಂದ. ಆ ಮಾವನವರ ಮನೆ ಇರುವುದು ಕೋಟೆ ಗುಡ್ಡದ ಮಗ್ಗುಲಲ್ಲಿ. ಅಲ್ಲಿ ನಾಲ್ಕಡಿ ಅಗೆಯುವಷ್ಟರಲ್ಲಿ ಹಾರೆ ಬಂಡೆಗೆ ತಾಗಿ ಠಣ್ಣೆನ್ನುತ್ತದೆ.

ಈ ಬರಹ ಅವನೊಬ್ಬನಿಗಾಗಿ ಅಲ್ಲ. ನಮ್ಮ ಭಾಗದಲ್ಲಿ ಬಹುಪಾಲು ಜನ ಬುನಾದಿಯನ್ನು ಆರಿಸುವುದು ನೆಂಟರ ಮನೆಯನ್ನು ನೋಡಿ, ಇಲ್ಲವೇ ಮೇಸ್ತ್ರಿಯ ಅಭ್ಯಾಸವನ್ನು ನಂಬಿ. ಇದು ಶುದ್ಧ ಅವಿವೇಕವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಬುನಾದಿಯನ್ನು ಆರಿಸುವ ಹಕ್ಕು ನೆಂಟನಿಗಾಗಲಿ, ಮೇಸ್ತ್ರಿಗಾಗಲಿ, ಹಣ ಕೊಡುವ ಯಜಮಾನನಿಗಾಗಲಿ ಇಲ್ಲ. ಅದು ನಿವೇಶನದ ಮಣ್ಣಿಗೆ ಸೇರಿದ್ದು.

ಬಳ್ಳಾರಿ ಸೀಮೆಯ ನೆಲಕ್ಕೆ ಎರಡು ಮುಖಗಳಿವೆ. ಒಂದು, ಬಳ್ಳಾರಿ ಗುಡ್ಡದಲ್ಲೂ ಕುರುಗೋಡಿನ ಬೆಟ್ಟಗಳಲ್ಲೂ ಕಾಣುವ ಗ್ರಾನೈಟ್ ಬಂಡೆ ಮತ್ತು ಅದರ ಬುಡದ ಗರಸು. ಇನ್ನೊಂದು, ಹತ್ತಿ ಜೋಳಗಳನ್ನು ಬೆಳೆದು ನಮ್ಮನ್ನು ಸಾಕಿದ ಎರೆಭೂಮಿ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯ ಎರೆಹೊಲದಲ್ಲಿ ನಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬಾಯ್ಬಿಟ್ಟ ಬಿರುಕಿನಲ್ಲಿ ಕೈಯಿಟ್ಟರೆ ಮೊಣಕೈಯವರೆಗೆ ಇಳಿಯುತ್ತದೆ. ಹಾಗೆ ಬಾಯ್ಬಿಡುವ ಮಣ್ಣಿನ ಮೇಲೆ ಗೋಡೆ ನಿಲ್ಲಿಸುವಾಗ ಮಾತ್ರ ನಮಗೆ ಅದು ಮರೆತುಹೋಗುತ್ತದೆ.

ಮನೆ ಭಾರಕ್ಕೆ ಕುಸಿದು ಬಿರುಕು ಬಿಡುತ್ತದೆ ಎಂಬುದು ಜನರ ಸಾಮಾನ್ಯ ನಂಬಿಕೆ. ಎರೆಯಲ್ಲಿ ಅನೇಕ ವೇಳೆ ನಡೆಯುವುದು ಇದಕ್ಕೆ ತದ್ವಿರುದ್ಧ. ಒಂದಂತಸ್ತಿನ ಮನೆ ಹಗುರ. ಮಳೆಗಾಲದಲ್ಲಿ ಉಬ್ಬುವ ಮಣ್ಣು ಅದನ್ನು ಮೇಲಕ್ಕೆತ್ತುತ್ತದೆ. ಮನೆಯ ನಡುವಿನ ಮಣ್ಣು ನೆರಳಿನಲ್ಲಿ ಹಸಿಯಾಗಿಯೇ ಇದ್ದರೆ, ಹೊರಗೋಡೆಯ ಅಡಿಯ ಮಣ್ಣು ಒಮ್ಮೆ ನೆನೆದು ಒಮ್ಮೆ ಒಣಗುತ್ತದೆ. ಹೀಗೆ ಒಂದೇ ಮನೆಯನ್ನು ಎರಡು ಕೈಗಳು ಎರಡು ಕಡೆಗೆ ಎಳೆದಂತಾಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಆದ್ದರಿಂದ ಕಬ್ಬಿಣ ಹೆಚ್ಚಿಸಿದರೆ, ಸೈಜುಗಲ್ಲಿನ ಇನ್ನೊಂದು ವರಸೆ ಏರಿಸಿದರೆ ಸಾಕು ಎಂಬ ಉಪದೇಶಕ್ಕೆ ಅರ್ಥವಿಲ್ಲ. ಕಾಲಂ ಹಾಕಿಸಿದರೂ ಅದರ ಪಾದ ಉಬ್ಬುವ ಪದರದಲ್ಲಿಯೇ ಕುಳಿತಿದ್ದರೆ ಕಾಲಮ್ಮೂ ಮಣ್ಣಿನೊಡನೆ ಏಳುತ್ತದೆ, ಇಳಿಯುತ್ತದೆ.

"ಪಾಯಕ್ಕೆ ಮರಳು ತುಂಬಿದರೆ ಆಯಿತು" ಎನ್ನುವವರೂ ಇದ್ದಾರೆ. ಎರೆಮಣ್ಣಿನಲ್ಲಿ ತೋಡಿದ ಗುಂಡಿ ನೀರು ಬಸಿಯದ ಬಾನಿಯಿದ್ದಂತೆ. ಅದರಲ್ಲಿ ಮರಳು ತುಂಬಿದರೆ ಮಳೆಯ ನೀರೂ ಬಚ್ಚಲ ನೀರೂ ಅಲ್ಲಿಯೇ ನಿಂತು, ಸುತ್ತಲಿನ ಎರೆಗೆ ದಿನವೂ ಕುಡಿಸುತ್ತವೆ.

"ತಾತನ ಕಾಲದ ಮನೆಗಳು ನಿಂತಿಲ್ಲವೇ?" ಎಂಬುದು ಮತ್ತೊಂದು ವಾದ. ನಿಂತಿವೆ. ಕುರುಗೋಡು ಬೆಟ್ಟದ ಬುಡದಲ್ಲಿದೆ, ಹಳೆಯ ಬಳ್ಳಾರಿ ಕೋಟೆಯ ಸುತ್ತ ಬೆಳೆದಿದೆ. ಗಟ್ಟಿ ನೆಲ ಸಿಕ್ಕಲ್ಲಿ ಹಿರಿಯರು ಊರು ಕಟ್ಟಿ ಎರೆಯನ್ನು ಬೇಸಾಯಕ್ಕೆ ಬಿಟ್ಟರು. ಎರೆಯ ಮೇಲೆ ಕಟ್ಟಬೇಕಾದಾಗಲೂ ಅವರ ಮಣ್ಣಿನ ಗೋಡೆಯ ಮಾಳಿಗೆ ಮನೆ ಸ್ವಲ್ಪ ಬಾಗುತ್ತಿತ್ತು. ಬಿಟ್ಟ ಬಿರುಕನ್ನು ಸುಗ್ಗಿ ಮುಗಿದ ಮೇಲೆ ಮೆತ್ತುತ್ತಿದ್ದರು. ಸಿಮೆಂಟಿನ ಗೋಡೆ ಬಾಗುವುದಿಲ್ಲ, ಸೀಳುತ್ತದೆ. ನಾವಾದರೋ ಅವರು ಬಿಟ್ಟ ಹೊಲದಲ್ಲಿ ಬಡಾವಣೆ ಮಾಡಿ, ಅವರ ಹೆಸರನ್ನು ಸಾಕ್ಷಿಗೆ ಕರೆಯುತ್ತಿದ್ದೇವೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಸೇವೆಯಲ್ಲಿದ್ದಾಗ ಸಾಲ ಮಾಡಿ ಎರೆನೆಲದಲ್ಲಿ ನಾನು ಕಟ್ಟಿದ ಮನೆಯ ಬಾಗಿಲು ಪ್ರತಿ ಮಳೆಗಾಲದಲ್ಲೂ ಬಿಗಿಯುತ್ತದೆ. ಪೂರ್ವದ ಗೋಡೆಯ ಬಿರುಕಿಗೆ ಎಷ್ಟು ಬಾರಿ ಸಿಮೆಂಟು ತುಂಬಿಸಿದೆನೋ ಲೆಕ್ಕವಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕಪ್ಪುಮಣ್ಣಿನ ಗುಣಗಳನ್ನು ಪಾಠ ಮಾಡಿದವನು, ಪಾಯ ತೆಗೆಯುವ ದಿನ ಮುಹೂರ್ತ ಕೇಳಿದೆನೇ ಹೊರತು ಮಣ್ಣನ್ನು ಕೇಳಲಿಲ್ಲ. ತಪ್ಪು ನನ್ನದೇ.

ಕೇಳುವುದು ಕಷ್ಟವೇನಲ್ಲ. ನಕ್ಷೆ ಬರೆಸುವ ಮೊದಲು ನಿವೇಶನದಲ್ಲಿ ಒಂದೆರಡು ಕಡೆ ಆಳವಾದ ಗುಂಡಿ ತೆಗೆಸಿ, ಎರೆ ಎಷ್ಟಡಿಗೆ ಮುಗಿಯುತ್ತದೆ, ಕೆಳಗೆ ಗರಸಿದೆಯೇ ಎಂದು ನೋಡಬೇಕು. ಗುಂಡಿಗೆ ಇಳಿಯುವವರ ಮೇಲೆ ಬದಿಯ ಮಣ್ಣು ಜರಿಯದಂತೆ ಎಚ್ಚರವೂ ಬೇಕು. ಮಣ್ಣಿನ ಉಬ್ಬುವಿಕೆಯನ್ನು ಅಳೆಯುವ ಪರೀಕ್ಷೆಯಂತೂ ಶಾಲಾ ಪ್ರಯೋಗದಷ್ಟು ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಮಣ್ಣು ಅದಕ್ಕಿಂತ ಅರ್ಧದಷ್ಟಾದರೂ ಹೆಚ್ಚು ಉಬ್ಬಿದ್ದರೆ ಎಚ್ಚರ ವಹಿಸಬೇಕು.

ಆಮೇಲೆ ದಾರಿಗಳಿವೆ. ಎರೆ ತೆಳುವಾಗಿದ್ದರೆ ಅದನ್ನು ದಾಟಿ ಗರಸಿನ ಮೇಲೆ ಪಾದ ಕೂರಿಸಬಹುದು. ಎರೆ ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಇದೆ. ಇದು ಕೆಳಗೆ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಋತುಮಾನದ ಆಟ ತಲುಪದ ಆಳದಲ್ಲಿ, ಸುಮಾರು ಮೂರೂವರೆ ಮೀಟರಿನಲ್ಲಿ, ಅದು ಕಾಲೂರಿ ನಿಲ್ಲುತ್ತದೆ. ಇದಕ್ಕೆ ಭಾರತೀಯ ಮಾನಕವೇ ಇದೆ: 2911, ಮೂರನೆಯ ಭಾಗ. ಮೇಲಿನ ಬೀಮಿನ ಅಡಿಯಲ್ಲಿ ಮಣ್ಣು ಉಬ್ಬಲು ಖಾಲಿ ಜಾಗ ಬಿಡುವುದನ್ನು ಮಾತ್ರ ಮರೆಯಬಾರದು. ಸಿರುಗುಪ್ಪದ ಕಾಲುವೆ ಬದಿಯಂತಹ ಕಡೆ ನೀರು ಮೇಲೆಯೇ ಸಿಕ್ಕಿದರೆ ಕೊರೆದ ಗುಂಡಿ ಕುಸಿಯಬಹುದು; ಅಲ್ಲಿ ಮಣ್ಣು ಬಲ್ಲ ಎಂಜಿನಿಯರ್ ಇಲ್ಲದೆ ಕೈಹಾಕುವುದು ಸಲ್ಲದು. ಬುನಾದಿ ಯಾವುದೇ ಇರಲಿ, ಮನೆಯ ಸುತ್ತ ನೀರಿಳಿಯದ ಅಗಲವಾದ ಕಟ್ಟೆ ಬೇಕು, ಬಚ್ಚಲ ನೀರು ದೂರ ಹೋಗಬೇಕು, ದೊಡ್ಡ ಮರ ಗೋಡೆಗೆ ಅಂಟಿ ಬೆಳೆಯಬಾರದು.

"ಇದಕ್ಕೆಲ್ಲ ಹಣ ಎಲ್ಲಿಂದ?" ಎಂದು ಕೇಳುವವರಿದ್ದಾರೆ. ಬಡವರ ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಅಂಥವರು ಒಂದು ಕೋಣೆ ಕಡಿಮೆ ಮಾಡಿಯಾದರೂ ಪಾಯವನ್ನು ಗಟ್ಟಿ ಮಾಡಲಿ. ಕೋಣೆಯನ್ನು ಮುಂದೆ ಸೇರಿಸಬಹುದು, ಬುನಾದಿಯನ್ನು ಮತ್ತೆ ಹಾಕಲಾಗದು. ಆದರೆ ಮುಂಭಾಗದ ಶೃಂಗಾರಕ್ಕೆ ಲಕ್ಷಗಟ್ಟಲೆ ಸುರಿದು, ಮಣ್ಣಿನ ಪರೀಕ್ಷೆಯ ಖರ್ಚಿಗೆ ಹುಬ್ಬು ಗಂಟಿಕ್ಕುವವರ ಬಾಯಲ್ಲಿ ಈ ಪ್ರಶ್ನೆ ಶೋಭಿಸುವುದಿಲ್ಲ. ಎರೆಹೊಲವನ್ನು ನಿವೇಶನ ಮಾಡಿ ಮಾರುವವರು ಮಣ್ಣಿನ ವರದಿಯನ್ನೂ ಕೊಡಲಿ ಎಂದು ನಾವು ಒತ್ತಾಯಿಸಬಾರದೇಕೆ?

ಬಳ್ಳಾರಿಯಲ್ಲಿ ಒಂದು ಐತಿಹ್ಯವಿದೆ. 18ನೆಯ ಶತಮಾನದಲ್ಲಿ ಹೈದರ್ ಅಲಿಗಾಗಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರ್, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂಬುದನ್ನು ಗಮನಿಸದೆ ಹೋದನಂತೆ. ಅದಕ್ಕಾಗಿ ಅವನನ್ನು ಗಲ್ಲಿಗೇರಿಸಿದರಂತೆ. ಕಟ್ಟುವ ಮೊದಲು ನೆಲವನ್ನು ನೋಡದವನಿಗೆ ಇಂದು ಅಂಥ ಶಿಕ್ಷೆಯಿಲ್ಲ. ಅವನು ಅದೇ ಮನೆಯಲ್ಲಿ ವಾಸಿಸಬೇಕು, ಅಷ್ಟೇ.

ನನ್ನ ವಿದ್ಯಾರ್ಥಿ ನಕ್ಷೆಯನ್ನು ಮಡಿಚಿಟ್ಟುಕೊಂಡು ಹೋಗಿದ್ದಾನೆ. ಈ ಭಾನುವಾರ ಗುಂಡಿ ತೆಗೆಸುತ್ತಾನಂತೆ. ನನ್ನನ್ನೂ ಕರೆದಿದ್ದಾನೆ, ಹೋಗುತ್ತೇನೆ.