ಎಣಿಸಿದ್ದು ಯಾಕೆ ಸ್ವಾಮಿ?



2025ರ ಮೇನಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಬಂದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನಮ್ಮ ಕೇರಿಗಳು ಓದು, ಕೂಲಿ, ಜಮೀನು ಎಲ್ಲಾ ಬಿಚ್ಚಿಟ್ಟವು. ಖರ್ಚಾಗಿದ್ದೂ ನಮ್ಮದೇ ತೆರಿಗೆ ದುಡ್ಡು.

ಆ ಅಂಕಿಅಂಶ ಇಟ್ಕೊಂಡೇ ಆಯೋಗ 59 ಅಲೆಮಾರಿ, ಸೂಕ್ಷ್ಮ ಸಮುದಾಯಗಳಿಗೆ ಪ್ರತ್ಯೇಕ ಶೇ 1 ಮೀಸಲಾತಿ ಕೊಡಿ ಅಂತು. ಆಗಸ್ಟ್ 4ಕ್ಕೆ ವರದಿ. ಆಗಸ್ಟ್ 19ಕ್ಕೆ ಸಚಿವ ಸಂಪುಟ 6-6-5 ಅಂತ ಹಂಚಿ ಆ ಒಂದನ್ನೇ ಅಳಿಸಿತು. ಗುಡಾರದವರು ಈಗ ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ ಪೈಪೋಟಿ ಮಾಡಬೇಕು. ಆ ಸಮುದಾಯಗಳ ಮೇಲೆ ನಮಗೆ ಸಿಟ್ಟಿಲ್ಲ. ಪ್ರಶ್ನೆ ಸರ್ಕಾರಕ್ಕೆ: ಇದಕ್ಕೆ ಯಾವ ಅಧ್ಯಯನ ಆಧಾರ?

ದತ್ತಾಂಶ ಇಲ್ಲ ಅಂತ ವರ್ಷಗಟ್ಟಲೆ ಕಾಯಿಸಿದ್ರಿ. ದತ್ತಾಂಶ ಬಂದ್ಮೇಲೆ ರಾಜಿ ಪಂಚಾಯ್ತಿ ಮಾಡಿದ್ರಿ. ಶಿಫಾರಸು ಬದಲಿಸಿದ ಕಾರಣ ಬರೆದು ಸದನದ ಮುಂದಿಡಿ. ಇಲ್ದಿದ್ರೆ ಮುಂದಿನ ಗಣತಿದಾರರನ್ನ ಕೇರಿ ಕೇಳುತ್ತೆ: ಹೋದ ಸಲ ಬರ್ಕೊಂಡಿದ್ದು ಏನಾಯ್ತು?

ಜೈ ಭೀಮ್.